ಹಡಗಿನಲ್ಲಿ ಅಕ್ಕಿಕಾಳು ಹಾಕಬಹುದೇ? (ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಮ್ಮ ಮಗಳು ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ. ಸಂಬಂಧ ಕೂಡಿಬಂದಿದ್ದು ಬೀಗರು ಗದಗ-ಬೆಟಗೇರಿಯವರು. ಎರಡೂ ಮನೆಗಳಲ್ಲಿ ಲಿಂಗಾಯತ ಪದ್ಧತಿ. ಮಗಳು, ಅಳಿಯನಾಗುವ ಹುಡುಗ ಇಬ್ಬರೂ ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಬಂಧುಗಳನ್ನೂ ಸ್ನೇಹಿತರನ್ನೂ ಕರೆದೊಯ್ದು ಮದುವೆಯಾಗಬೇಕೆಂದು ಹಟ ಹಿಡಿದಿದ್ದಾರೆ. ನಮ್ಮ ಮನೆಯ ಹಿಂದಿನ ಮದುವೆಗಳಿಗೆ 800 ಎಲೆಗಿಂತ ಕಡಿಮೆ ಬಿದ್ದದ್ದಿಲ್ಲ. ‘ಸಮುದ್ರದಾಗ ಮದುವಿ ಮಾಡಿ ಊರಾಗ ಹೆಂಗ ಮುಖಾ ತೋರಸೂದು’ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಇದು ಆಗುವ ಮಾತೇ? ಎಷ್ಟು ಜನರನ್ನು ಕರೆಯಬೇಕು? ಖರ್ಚು ಯಾರದು?
ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆಗುವ ಮಾತೇ ಹೌದು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಎರಡರಿಂದ ಐದು ರಾತ್ರಿಗಳ ದೇಶೀಯ ಕ್ರೂಸ್ ಪ್ರವಾಸಗಳು ನಡೆಯುತ್ತಿದ್ದು, ಅವುಗಳಲ್ಲಿ ಮದುವೆಯ ಸಮಾರಂಭಗಳೂ ನಡೆಯುತ್ತವೆ. ಆದರೆ ಕಲ್ಯಾಣ ಮಂಟಪವನ್ನು ಹಿಡಿದಂತೆ ಹಡಗನ್ನು ಹಿಡಿಯಲು ಬರುವುದಿಲ್ಲ. ಮಂಟಪದಲ್ಲಿ ಹಿಂದಿನ ದಿನ ಸಂಜೆ ಕೀಲಿ ನಿಮ್ಮ ಕೈಗೆ ಬರುತ್ತದೆ. ಅಡುಗೆಯ ಭಟ್ಟರು, ವಾಲಗದವರು, ಹೂವಿನವರು ಎಲ್ಲರೂ ನಿಮ್ಮ ಮಾತಿನಂತೆ ನಡೆಯುತ್ತಾರೆ. ಹಡಗಿನಲ್ಲಿ ನಿಮಗೆ ಸಿಗುವುದು ಒಂದು ಸಭಾಂಗಣ ಇಲ್ಲವೇ ಮೇಲಿನ ಡೆಕ್ಕಿನ ಒಂದು ಭಾಗ, ಅದೂ ಎರಡು ಮೂರು ತಾಸಿನ ಮಟ್ಟಿಗೆ. ಉಳಿದ ಹೊತ್ತಿನಲ್ಲಿ ನಿಮ್ಮ ಬಳಗದವರು ಅದೇ ಹಡಗಿನ ನೂರಾರು ಪ್ರವಾಸಿಗರ ನಡುವೆ ಅವರಂತೆಯೇ ಪ್ರವಾಸಿಗರು. ಇಡೀ ಹಡಗನ್ನೇ ಗೊತ್ತುಮಾಡುವುದು ಕೋಟಿಗಳ ವ್ಯವಹಾರವಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ನಿಜವಾಗಿ ತೂಕದ್ದು ಕೊನೆಯದು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಹೋಗಿ ಅರಿಶಿನ-ಕುಂಕುಮ ಹಚ್ಚಿ, ಪತ್ರಿಕೆ ಕೊಟ್ಟು, ‘ಮನಿ ಮಂದಿಯೆಲ್ಲಾ ಬರ್‍ರಿ’ ಎನ್ನುವುದು. ಹೀಗೆ ಕರೆದ ಬಾಯಿಂದಲೇ ‘ನಿಮ್ಮ ಕ್ಯಾಬಿನ್ನಿನ ಹಣ ನೀವೇ ಕಟ್ಟಿರಿ’ ಎಂದು ಹೇಳುವುದು ಈ ಊರುಗಳಲ್ಲಿ ನಡೆಯುವ ಮಾತಲ್ಲ. ಮುಂಬೈ, ಬೆಂಗಳೂರಿನ ಸ್ನೇಹಿತರ ಬಳಗದಲ್ಲಿ ಅದು ನಡೆದೀತು. ಸೋದರಮಾವನ ಮನೆಯಲ್ಲಿ ನಡೆಯದು. ಆದ್ದರಿಂದ ಹಡಗಿಗೆ ಯಾರನ್ನು ಕರೆಯುತ್ತೀರೋ ಅವರ ಪೂರ್ತಿ ಖರ್ಚು ಕರೆದವರದೇ ಎಂದು ತಿಳಿದುಕೊಂಡೇ ಪಟ್ಟಿ ಬರೆಯಲು ಕೂಡಿರಿ. ಲೆಕ್ಕಕ್ಕಾಗಿ ತಲೆಗೆ 30,000 ರೂಪಾಯಿ ಎಂದು ಹಿಡಿದರೂ 80 ಜನರಿಗೆ 24 ಲಕ್ಷ ರೂಪಾಯಿ ಆಗುತ್ತದೆ. ಸಭಾಂಗಣ, ಅಲಂಕಾರ, ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿಬರುವ ದಾರಿ, ಅಲ್ಲಿಯ ಒಂದು ರಾತ್ರಿಯ ವಸತಿ ಇವೆಲ್ಲ ಅದರ ಮೇಲೆ. ಕಂಪನಿ ಹೇಳುವ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇರುವರೆಂಬ ಲೆಕ್ಕದ್ದು. ಒಂಟಿಯಾಗಿ ಬರುವ ಸೋದರತ್ತೆಗೆ ಹೆಚ್ಚುಕಡಿಮೆ ಇಬ್ಬರ ಹಣ ಬೀಳುತ್ತದೆ, ಅದೇ ಕ್ಯಾಬಿನ್ನಿನ ಮೂರನೆಯ ನಾಲ್ಕನೆಯ ವ್ಯಕ್ತಿಗೆ ದರ ಕಡಿಮೆಯಿರುತ್ತದೆ. ಜಿಎಸ್‌ಟಿ, ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕಗಳು ದರದೊಳಗೆ ಸೇರಿವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಈ ಖರ್ಚನ್ನು ಬೀಗರೊಂದಿಗೆ ಹೇಗೆ ಹಂಚಿಕೊಳ್ಳಬೇಕೆಂಬುದಕ್ಕೆ ನಮ್ಮಲ್ಲಿ ರೂಢಿಯಿಲ್ಲ, ಏಕೆಂದರೆ ಇಂಥ ಮದುವೆಯೇ ರೂಢಿಯಲ್ಲಿಲ್ಲ. ಹೆಣ್ಣಿನ ಕಡೆಯವರೇ ಹೊರಬೇಕೆಂಬ ಹಳೆಯ ಊಹೆಯನ್ನು ಇದಕ್ಕೂ ತಂದು ಅಂಟಿಸಲು ಬಿಡಬೇಡಿ. ಅವರವರ ಕಡೆಯ ಜನರ ಖರ್ಚು ಅವರವರದು, ಸಭಾಂಗಣದ ಖರ್ಚು ಅರ್ಧರ್ಧ ಎಂದು ಹಿರಿಯರ ಎದುರಿನಲ್ಲಿಯೇ ಮಾತಾಗಲಿ.

ಇನ್ನು ದಿನದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅರಬ್ಬಿ ಸಮುದ್ರ ಪ್ರವಾಸಕ್ಕೆ ತಕ್ಕದ್ದಲ್ಲ. ಮೇ ತಿಂಗಳ ಕೊನೆಗೇ ಅಲೆ ಏಳತೊಡಗುತ್ತದೆ. ನಮ್ಮಲ್ಲಿ ಹೆಚ್ಚು ಮದುವೆಗಳಾಗುವ ವೈಶಾಖದಲ್ಲಿ ಹಡಗು ಸಿಕ್ಕರೂ ಡೆಕ್ಕಿನ ಮೇಲೆ ಇಳಕಲ್ ಸೀರೆಯುಟ್ಟು ಹಗಲಿನಲ್ಲಿ ನಿಲ್ಲುವುದು ಶಿಕ್ಷೆಯೇ ಸರಿ. ಸಮುದ್ರ ಶಾಂತವಾಗಿರುವ ಡಿಸೆಂಬರ್-ಜನವರಿಯ ಒಂದು ಭಾಗವನ್ನು ಧನುರ್ಮಾಸ ತಿನ್ನುತ್ತದೆ. ಹೀಗಾಗಿ ಪಂಚಾಂಗವನ್ನೂ ಸಮುದ್ರವನ್ನೂ ಎದುರುಬದುರು ಇಟ್ಟು ನೋಡಿದರೆ ತುಳಸಿ ಲಗ್ನದ ನಂತರದ ಕೆಲವು ವಾರಗಳು ಮತ್ತು ಮಾಘ ಮಾಸ ಇವೆರಡೇ ನಿಮಗೆ ಅನುಕೂಲವಾದವು. ಅದರಲ್ಲಿಯೂ ಹಡಗು ಹೊರಡುವ ವಾರ, ನಿಮ್ಮವರು ಹೇಳುವ ತಿಥಿ ಎರಡೂ ಕೂಡಬೇಕು.

ಮುಹೂರ್ತದ ವಿಷಯದಲ್ಲಿ ಒಂದು ಸಣ್ಣ ಸ್ವಾರಸ್ಯವಿದೆ. ಹುಬ್ಬಳ್ಳಿ ಸುಮಾರು 75 ಡಿಗ್ರಿ 8 ಮಿನಿಟು ಪೂರ್ವ ರೇಖಾಂಶದಲ್ಲಿದ್ದರೆ ಮುಂಬೈ ಸುಮಾರು 72 ಡಿಗ್ರಿ 50 ಮಿನಿಟಿನಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಮುಂಬೈಯಲ್ಲಿ ಸೂರ್ಯ ನೆತ್ತಿಗೆ ಬರುವುದು ನಮಗಿಂತ ಸುಮಾರು 9 ನಿಮಿಷ ತಡವಾಗಿ. ಅಂದರೆ ಹುಬ್ಬಳ್ಳಿಯ ಅಭಿಜಿತ್ ಮುಹೂರ್ತದ (ನಡುಹಗಲಿನ ಶುಭಕಾಲದ) ನಡುಭಾಗ ಸರಾಸರಿ 12-30ಕ್ಕೆ ಬಿದ್ದರೆ ಅಲ್ಲಿ 12-39ರ ಆಸುಪಾಸಿಗೆ ಬೀಳುತ್ತದೆ. ಮುಹೂರ್ತ ತೆಗೆಯುವವರಿಗೆ ಹಡಗು ಆ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದನ್ನು ತಿಳಿಸದಿದ್ದರೆ ಅವರು ಊರಿನ ಲೆಕ್ಕವನ್ನೇ ಬರೆದು ಕೊಟ್ಟಾರು. ಇದಕ್ಕಿಂತ ದೊಡ್ಡ ತೊಡಕೆಂದರೆ, ಹಡಗು ಹತ್ತುವ ದಿನ ಮಧ್ಯಾಹ್ನವೆಲ್ಲ ತಪಾಸಣೆ, ಕ್ಯಾಬಿನ್ ಹುಡುಕುವುದು, ಸಾಮಾನು ಬರುವುದು ಇದರಲ್ಲಿಯೇ ಕಳೆಯುತ್ತದೆ. ಅದರ ಜೊತೆಗೆ ಸುರಕ್ಷತಾ ಕವಾಯತಿಗೆ ಪ್ರತಿಯೊಬ್ಬ ಪ್ರಯಾಣಿಕನೂ ಹಾಜರಾಗಬೇಕು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದ ಮೇಲೆ, ಈ ಕವಾಯತು ಹಡಗು ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಮುಗಿಯಬೇಕೆಂದು ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಮದುಮಗಳಿಗೂ ವಿನಾಯಿತಿಯಿಲ್ಲ. ಆದ್ದರಿಂದ ಮೊದಲ ದಿನ ಯಾವ ಶಾಸ್ತ್ರವನ್ನೂ ಇಡಬೇಡಿ.

ಶಾಸ್ತ್ರದ ದೃಷ್ಟಿಯಿಂದ ನಿಮ್ಮ ಮನೆಗೆ ಒಂದು ಅನುಕೂಲವುಂಟು. ಹಡಗಿನಲ್ಲಿ ಎಲ್ಲಕ್ಕಿಂತ ಹೆದರುವುದು ಬೆಂಕಿಗೆ. ಕ್ಯಾಬಿನ್ನಿನಲ್ಲಿ ಊದಿನಕಡ್ಡಿ, ಕರ್ಪೂರ, ದೀಪ ಹಚ್ಚುವಂತಿಲ್ಲ, ಇಸ್ತ್ರಿ ಪೆಟ್ಟಿಗೆಯನ್ನೂ ಒಳಗೆ ಬಿಡುವುದಿಲ್ಲ. ಹೋಮ, ಸಪ್ತಪದಿ ಇರುವ ಮನೆಯವರಿಗೆ ಅಗ್ನಿಸಾಕ್ಷಿಯೇ ಇಲ್ಲವಾದರೆ ಮದುವೆ ಅರ್ಧವಾದಂತೆ. ಅಯ್ಯನವರ (ಮದುವೆ ಮಾಡಿಸುವ ಜಂಗಮರ) ಸಮ್ಮುಖದಲ್ಲಿ ಮಂಗಳಸೂತ್ರ ಕಟ್ಟಿ ಅಕ್ಕಿಕಾಳು (ಅಕ್ಷತೆ) ಹಾಕುವ ನಿಮ್ಮ ಪದ್ಧತಿಗೆ ಆ ತೊಂದರೆ ಬಾರದು. ಆದರೆ ಸುರಗಿಯನ್ನು ಏನು ಮಾಡುತ್ತೀರಿ? ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ಮದುಮಕ್ಕಳನ್ನು ನಡುವೆ ಕೂಡಿಸಿ ನೀರು ಹಾಕುವ ಕಾರ್ಯಕ್ಕೆ ಜಮಖಾನೆ ಹಾಸಿದ ಸಭಾಂಗಣದಲ್ಲಿ ಜಾಗವಿಲ್ಲ. ಕುಂಬಾರರ ಮನೆಯಿಂದ ತಂದ ಐರಣಿ ಶಾಸ್ತ್ರದ ಗಡಿಗೆಗಳು ಮುಂಬೈವರೆಗೆ ಒಡೆಯದೆ ಹೋಗಿ ಬಂದರಿನ ಎಕ್ಸ್‌ರೇ ಯಂತ್ರ ದಾಟುತ್ತವೆಂಬ ಭರವಸೆಯೂ ಇಲ್ಲ. ಹಂದರದ ಹಾಲಗಂಬವನ್ನು ಉಕ್ಕಿನ ಡೆಕ್ಕಿನಲ್ಲಿ ನೆಡಲು ಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಮಾಡಿದ ತಿನಿಸನ್ನೂ ಒಳಗೆ ಬಿಡುವುದಿಲ್ಲ. ನಮ್ಮ ಬಳಗದ ಒಂದು ಹಡಗಿನ ಮದುವೆಯಲ್ಲಿ ವರನ ಸೋದರಮಾವ ಎರಡು ಡಬ್ಬಿ ಶೇಂಗಾ ಹೋಳಿಗೆಯನ್ನು ತಪಾಸಣೆಯ ಮೇಜಿನ ಮೇಲೆ ಬಿಟ್ಟು ಬರಬೇಕಾಯಿತು. ಮೂರು ದಿನವೂ ಅವರ ಬಾಯಲ್ಲಿ ಅದೇ ಮಾತು. ಸಸ್ಯಾಹಾರದ ಊಟ ಧಾರಾಳವಾಗಿ ಸಿಗುತ್ತದೆಯಾದರೂ ಅಡುಗೆಮನೆ, ಪಾತ್ರೆ ಬೇರೆಯಿರುತ್ತವೆಯೇ ಎಂದು ಕೇಳಿ ತಿಳಿಯಿರಿ. ಹಡಗಿನಲ್ಲಿ ಮದ್ಯದ ಕೌಂಟರು, ಕ್ಯಾಸಿನೊ ಇರುತ್ತವೆ ಎಂಬುದನ್ನೂ ಹಿರಿಯರಿಗೆ ಮೊದಲೇ ಹೇಳಿಬಿಡಿ.

ಇದೆಲ್ಲವನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ: ಅಕ್ಕಿಕಾಳು ಹುಬ್ಬಳ್ಳಿಯಲ್ಲಿಯೇ ಬೀಳಲಿ. ದೇವರ ಕಾರ್ಯ, ಐರಣಿ, ಸುರಗಿ ಮನೆಯ ಹಂದರದಲ್ಲಿ ನಡೆದು, ಎಲ್ಲರಿಗೂ ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಊಟವಾಗಲಿ. 800 ಎಲೆಗಳ ಬದಲು 500 ಆದರೂ ಯಾರೂ ಮುನಿಸಿಕೊಳ್ಳರು, ಕರೆಯದಿದ್ದರೆ ಮಾತ್ರ ಮುನಿಯುತ್ತಾರೆ. ಅದಾಗಿ ನಾಲ್ಕೈದು ದಿನಕ್ಕೆ ಎರಡೂ ಮನೆಯ ಹತ್ತಿರದವರು ಹಾಗೂ ಮದುಮಕ್ಕಳ ಸ್ನೇಹಿತರು ಸೇರಿ 40-50 ಜನ ಹಡಗಿಗೆ ಹೋಗಲಿ. ಅಲ್ಲಿ ಹಾರ ಬದಲಿಸಿಕೊಳ್ಳುವುದು, ಹಾಡು, ಕುಣಿತ, ಫೋಟೊ ಎಲ್ಲವೂ ಮಕ್ಕಳ ಇಷ್ಟದಂತೆ ನಡೆಯಲಿ. ಊರಿನಲ್ಲಿ ಮುಖ ತೋರಿಸುವ ಯಜಮಾನರ ಚಿಂತೆಗೂ ಇದರಲ್ಲಿ ಉತ್ತರವಿದೆ. ಮಗಳು ಇದನ್ನು ಒಪ್ಪದೆ ‘ಮಾಂಗಲ್ಯವೂ ಸಮುದ್ರದ ಮೇಲೆಯೇ’ ಎಂದರೆ, ಪ್ರವಾಸದ ಎರಡನೆಯ ದಿನದ ಬೆಳಗಿನ ಹೊತ್ತನ್ನು ಆರಿಸಿ, ಅಯ್ಯನವರ ಟಿಕೆಟ್ಟನ್ನು ಮೊದಲು ತೆಗೆಸಿ. ಅವರನ್ನು ಮರೆತು ಉಳಿದ 60 ಟಿಕೆಟ್ ತೆಗೆಸಿದ ಮನೆಯೊಂದನ್ನು ನಾನು ಬಲ್ಲೆ.

ದಾರಿಯ ಬಗೆಗೆ ಒಂದೇ ಎಚ್ಚರಿಕೆ. ರಸ್ತೆಯಲ್ಲಿ ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮುಂಬೈ ಸುಮಾರು 570 ಕಿಲೋಮೀಟರು. ರೈಲಾದರೆ ಒಂದು ರಾತ್ರಿಯ ಪ್ರಯಾಣ. ಹಡಗು ಹೊರಡುವ ದಿನವೇ ಮುಂಬೈ ಮುಟ್ಟುವ ಲೆಕ್ಕ ಹಾಕಬೇಡಿ, ಒಂದು ದಿನ ಮೊದಲೇ ಅಲ್ಲಿರಿ. ಹೊರಡುವುದಕ್ಕೆ ಬಹಳ ಮೊದಲೇ ಪ್ರವೇಶ ಮುಚ್ಚುತ್ತದೆ, ತಡವಾದ ಬೀಗರಿಗಾಗಿ ಯಾವ ಕ್ಯಾಪ್ಟನ್ನನೂ ಕಾಯುವುದಿಲ್ಲ. ದೇಶದೊಳಗಿನ ಪ್ರವಾಸಕ್ಕೆ ಆಧಾರ್‌ನಂಥ ಗುರುತಿನ ಚೀಟಿ ಸಾಕು. ಶ್ರೀಲಂಕಾದಂಥ ಕಡೆಗಾದರೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು. ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಸಂಪರ್ಕ ಕಡಿಯುವುದರಿಂದ, ಊರಿನಲ್ಲಿ ಉಳಿದ ಅಜ್ಜಿಗೆ ವಿಡಿಯೊದಲ್ಲಿ ಮದುವೆ ತೋರಿಸುತ್ತೇವೆಂದು ಮಾತು ಕೊಡುವ ಮೊದಲು ಹಡಗಿನ ವೈಫೈ ದರವನ್ನೂ ವೇಗವನ್ನೂ ವಿಚಾರಿಸಿ. ಹವಾಮಾನ ಕೆಟ್ಟರೆ ಬಂದರನ್ನು ಬದಲಿಸುವ, ಬಿಟ್ಟುಬಿಡುವ ಅಧಿಕಾರ ಕ್ಯಾಪ್ಟನ್ನರಿಗಿದೆ, ಒಪ್ಪಂದದಲ್ಲಿ ಅದು ಸಣ್ಣ ಅಕ್ಷರಗಳಲ್ಲಿರುತ್ತದೆ. ‘ಗೋವಾದಲ್ಲಿ ಇಳಿದು ದೇವರಿಗೆ ಹೋಗಿಬರುತ್ತೇವೆ’ ಎಂಬ ಹರಕೆಯನ್ನು ಅದರ ಮೇಲೆ ಕಟ್ಟಬೇಡಿ.

ಇಷ್ಟು ಖರ್ಚು ಭಾರವೆನಿಸಿದರೆ ಪಣಜಿಯನ್ನೂ ಯೋಚಿಸಿ. ಹುಬ್ಬಳ್ಳಿಯಿಂದ ಅನಮೋಡ ಘಟ್ಟ ಇಳಿದು ನಾಲ್ಕೈದು ತಾಸಿನ ದಾರಿ. ಮಾಂಡೋವಿ ನದಿಯಲ್ಲಿ ಸಂಜೆಯ ದೋಣಿವಿಹಾರ ನಡೆಸುವವರು ಖಾಸಗಿ ಸಮಾರಂಭಕ್ಕೂ ದೋಣಿ ಕೊಡುತ್ತಾರೆ. ನದಿಯಲ್ಲಿ ಅಲೆಯ ಕಾಟವಿಲ್ಲ, ಅರಬ್ಬಿ ಸಮುದ್ರದತ್ತ ಸೂರ್ಯ ಇಳಿಯುವುದೂ ಕಾಣುತ್ತದೆ.

ಪ್ರಶ್ನೆ: ಹಡಗಿನ ಕ್ಯಾಪ್ಟನ್ನರು ಮದುವೆ ಮಾಡಿಸಿ ಪ್ರಮಾಣಪತ್ರ ಕೊಡುತ್ತಾರೆಂದು ಕೇಳಿದ್ದೇನೆ. ಅದು ನಮ್ಮಲ್ಲಿ ಕಾನೂನುಬದ್ಧವೇ?
ಓದುಗರೊಬ್ಬರು, ಗದಗ

ಉತ್ತರ: ಭಾರತದ ಕಾನೂನಿನಲ್ಲಿ ಕ್ಯಾಪ್ಟನ್ನರಿಗೆ ಅಂಥ ಅಧಿಕಾರವಿಲ್ಲ. ಬರ್ಮುಡಾದಂಥ ಕೆಲವು ನಾಡುಗಳ ಧ್ವಜ ಹಾರಿಸುವ ಹಡಗುಗಳಲ್ಲಿ ಮಾತ್ರ ಅದು ಉಂಟು. ಇಂಗ್ಲೆಂಡಿನ ಕ್ಯುನಾರ್ಡ್ ಕಂಪನಿ 2011ರಲ್ಲಿ ತನ್ನ ಹಡಗುಗಳ ನೋಂದಣಿಯನ್ನು ಬರ್ಮುಡಾಕ್ಕೆ ಬದಲಿಸಿದ್ದರ ಹಿಂದೆ ಸಮುದ್ರದ ಮೇಲೆ ಮದುವೆ ಮಾಡಿಸುವ ಆಸೆಯೂ ಇತ್ತು. ನಮಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ವೀರಶೈವರು, ಲಿಂಗಾಯತರು ಅದರ ವ್ಯಾಪ್ತಿಯಲ್ಲಿ ಹೆಸರಿಸಿಯೇ ಸೇರಿದ್ದಾರೆ. ಭಾರತದಲ್ಲಿ ಕಾಯಂ ನೆಲೆಯುಳ್ಳ ಹಿಂದೂಗಳು ದೇಶದ ಹೊರಗಿದ್ದರೂ ಆ ಕಾಯ್ದೆ ಅವರಿಗೆ ಅನ್ವಯಿಸುವುದರಿಂದ, ಹಡಗು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರು ದಾಟಿ ನಮ್ಮ ಜಲಸೀಮೆಯ ಹೊರಗೆ ಹೋದರೂ ಮದುವೆಗೆ ಬಾಧೆಯಿಲ್ಲ. ಆದರೆ ವಧುವಿನ ಅಥವಾ ವರನ ಕಡೆಯ ಸಾಂಪ್ರದಾಯಿಕ ವಿಧಿಗಳು ನಡೆದಿರಬೇಕು. ವಿಧಿಗಳೇ ನಡೆಯದೆ ಬರಿಯ ಪ್ರಮಾಣಪತ್ರ ಪಡೆದರೆ ಅದು ಮದುವೆಯಾಗದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಹಾರ ಬದಲಿಸಿ ಕೇಕ್ ಕತ್ತರಿಸಿದ ಮಾತ್ರಕ್ಕೆ ಸಾಲದು ಎಂದು ಇದರ ಅರ್ಥ.

ನೋಂದಣಿಗೆ ಊರಿಗೆ ಮರಳಿ ಉಪನೋಂದಣಾಧಿಕಾರಿಯ ಕಚೇರಿಗೆ ಅರ್ಜಿ ಕೊಡಬೇಕು. ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕು. ಪತ್ರಿಕೆಯಲ್ಲಿ ‘ಅರಬ್ಬಿ ಸಮುದ್ರದ ಅಲೆಗಳ ನಡುವೆ’ ಎಂದು ಕವಿತೆ ಬರೆಸಿ ಬಿಡಬೇಡಿ. ಹಡಗಿನ ಹೆಸರು, ಹೊರಟ ಬಂದರು, ದಿನಾಂಕ ಸ್ಪಷ್ಟವಾಗಿ ಅಚ್ಚಾಗಿರಲಿ. ಮದುವೆ ನೆಲದ ಮೇಲೆಯೇ ಆಗಿದ್ದರೆ ಗುಮಾಸ್ತರ ಮುಂದೆ ಈ ವಿವರಣೆಯೇ ಬೇಕಾಗದು. ವಧೂವರರ ಧರ್ಮ ಬೇರೆಬೇರೆಯಾಗಿದ್ದರೆ ಮಾತು ಬೇರೆ: 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನಗಳ ನೋಟಿಸು ಕೊಟ್ಟು ಮದುವೆ ಅಧಿಕಾರಿಯ ಎದುರಿನಲ್ಲಿಯೇ ಆಗಬೇಕು. ಹಡಗು ಅದಾದ ಮೇಲಿನ ಮಾತು.

ಪ್ರಶ್ನೆ: ಅತ್ತೆಯವರ ಮೊಮ್ಮಗನ ಮದುವೆ ಹಡಗಿನಲ್ಲಿ ಎಂದು ಗೊತ್ತಾಗಿದೆ. ನಮ್ಮ ಅತ್ತೆಯವರಿಗೆ 79 ವರ್ಷ, ಮೊಣಕಾಲು ನೋವಿದೆ. ಸೊಸೆ ಬಸುರಿ. ಇಬ್ಬರನ್ನೂ ಕರೆದೊಯ್ಯಬಹುದೇ?
ಗೃಹಿಣಿ, ಹಾವೇರಿ

ಉತ್ತರ: ಸೊಸೆಗೆ ಎಷ್ಟು ತಿಂಗಳೆಂಬುದನ್ನು ನೀವು ಬರೆದಿಲ್ಲ. ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ 24 ವಾರ ತುಂಬಿದವರನ್ನು ಹತ್ತಿಸಿಕೊಳ್ಳುವುದಿಲ್ಲ. ಪ್ರವಾಸ ಮುಗಿಯುವ ದಿನಕ್ಕೆ ಎಷ್ಟು ವಾರವಾಗುತ್ತದೆಂದು ಎಣಿಸಿ, ಡಾಕ್ಟರರ ಪತ್ರ ಪಡೆದೇ ಟಿಕೆಟ್ ತೆಗೆಸಿ. ಅತ್ತೆಯವರಿಗೆ ಲಿಫ್ಟಿನ ಹತ್ತಿರದ, ಹಡಗಿನ ನಡುಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಲಕ್ಷದ್ವೀಪದ ಪ್ರವಾಸವಾಗಿದ್ದರೆ ಹಡಗು ದ್ವೀಪದ ಹೊರಗೇ ಲಂಗರು ಹಾಕುವುದರಿಂದ ಸಣ್ಣ ದೋಣಿಗೆ ಇಳಿದು ಹತ್ತಬೇಕು. ನೋವಿನ ಮೊಣಕಾಲಿಗೆ ಅದು ಬೇಡ, ಅವರು ಹಡಗಿನಲ್ಲಿಯೇ ಉಳಿಯಲಿ, ಜೊತೆಗೊಬ್ಬರು ಇರಲಿ. ಗಾಲಿಕುರ್ಚಿ ಬೇಕಾದರೆ ಟಿಕೆಟ್ ತೆಗೆಸುವಾಗಲೇ ತಿಳಿಸಿ. ದಿನನಿತ್ಯದ ಗುಳಿಗೆಗಳನ್ನು ಎರಡು ದಿನಕ್ಕೆ ಹೆಚ್ಚಾಗುವಷ್ಟು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ಮುಟ್ಟುವಾಗ ರಾತ್ರಿಯೂ ಆದೀತು.