ಯುದ್ಧ ಬಂದಾಗ ಕ್ರೈಸ್ತರು ಏನಂತ ಪ್ರಾರ್ಥಿಸುತ್ತಾರೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತೋರಿಸು ಎಂದ ಯೇಸುವನ್ನು ನಂಬುವವರು ಇಷ್ಟೊಂದು ಯುದ್ಧ ಹೇಗೆ ಮಾಡಿದರು? ದೇಶ ಯುದ್ಧಕ್ಕೆ ನಿಂತಾಗ ನೀವು ಚರ್ಚಿನಲ್ಲಿ ಏನಂತ ಪ್ರಾರ್ಥಿಸುತ್ತೀರಿ? ನಾನು ಬೆಂಗಳೂರಿನ ಕನ್ನಡ ಕಥೋಲಿಕ. ದೇವಶಾಸ್ತ್ರ ಓದಿದವನಲ್ಲ. ಆದರೆ ಈ ಪ್ರಶ್ನೆಗಳು ನನ್ನನ್ನೂ ಬಿಟ್ಟಿಲ್ಲ. ಯೋಚಿಸಿದಾಗಲೆಲ್ಲ ನಾಗಸಾಕಿಗೆ ಬಂದು ನಿಲ್ಲುತ್ತೇನೆ.

ನಾಗಸಾಕಿಯಲ್ಲಿ ಉರಕಾಮಿ ಎಂಬ ಕಣಿವೆ ಇದೆ. ಜಪಾನಿನಲ್ಲಿ ಕಥೋಲಿಕರು ಅತಿ ಹೆಚ್ಚು ಇದ್ದ ಜಾಗ ಅದು. ಆ ಊರಿನ ಕ್ರೈಸ್ತರ ಕಥೆ ತುಂಬಾ ಹಳೆಯದು. 1597ರಲ್ಲಿ ಅಲ್ಲಿ 26 ಜನರನ್ನು ಶಿಲುಬೆಗೆ ಏರಿಸಿ ಕೊಂದರು. ಅವರಲ್ಲಿ ಒಬ್ಬರು ಮುಂಬೈ ಹತ್ತಿರದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಇಡೀ ಜಪಾನಿನಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿದರು. ಅದಾದ ಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ಉರಕಾಮಿಯ ಜನ ಗುರುಗಳಿಲ್ಲದೆ, ಅಂದರೆ ಪಾದ್ರಿಗಳಿಲ್ಲದೆ, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಿಲ್ಲದೆ ಬದುಕಿದರು. ಗುಟ್ಟಾಗಿ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತರನ್ನಾಗಿ ಮಾಡಿದರು. ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದರು. 1865ರಲ್ಲಿ ನಾಗಸಾಕಿಯಲ್ಲಿ ವಿದೇಶಿಯರಿಗೆಂದು ಒಂದು ಚರ್ಚು ಎದ್ದಾಗ ಉರಕಾಮಿಯ ಕೆಲವರು ಅಲ್ಲಿಗೆ ಬಂದರು. ತಾವೂ ಅದೇ ನಂಬಿಕೆಯವರು ಎಂದು ಫ್ರೆಂಚ್ ಗುರುಗಳ ಕಿವಿಯಲ್ಲಿ ಹೇಳಿದರು. ವಿಷಯ ಹೊರಬಿದ್ದ ಮೇಲೆ ಮತ್ತೆ ಹಿಂಸೆ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡಿಪಾರು ಮಾಡಿದರು. 1873ರಲ್ಲಿ ನಿಷೇಧ ಹೋಯಿತು. ಬದುಕಿ ವಾಪಸ್ ಬಂದವರು ಒಂದು ಜಾಗ ಕೊಂಡರು. ಅದು ಹಳ್ಳಿಯ ಮುಖ್ಯಸ್ಥನ ಮನೆ ಇದ್ದ ಜಾಗ. ಕ್ರೈಸ್ತರಲ್ಲ ಎಂದು ತೋರಿಸಲು ಯೇಸುವಿನ, ಅವರ ತಾಯಿ ಮರಿಯಮ್ಮನವರ ಚಿತ್ರಗಳನ್ನು ತುಳಿಯಿರಿ ಎಂದು ಅವರ ಹಿರಿಯರನ್ನು ಬಲವಂತ ಮಾಡುತ್ತಿದ್ದದ್ದು ಅಲ್ಲೇ. ಅಲ್ಲೇ 1895ರಲ್ಲಿ ದೊಡ್ಡ ಚರ್ಚು ಕಟ್ಟಲು ಶುರು ಮಾಡಿದರು. ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಬಡವರು ಕಟ್ಟಿದ ಚರ್ಚು ಅಲ್ವಾ!

1945ರ ಆಗಸ್ಟ್ 9. ಅಮೆರಿಕದ ವಿಮಾನ ಹೊರಟಿದ್ದು ಕೊಕುರಾ ಎಂಬ ಇನ್ನೊಂದು ಊರಿಗೆ. ಅಲ್ಲಿ ಮೋಡ, ಹೊಗೆ ಕವಿದು ಗುರಿ ಕಾಣಲಿಲ್ಲ. ನಾಗಸಾಕಿಯ ಕಡೆ ತಿರುಗಿತು. 11 ಗಂಟೆ 2 ನಿಮಿಷಕ್ಕೆ ಅಣುಬಾಂಬ್ ಉರಕಾಮಿಯ ಮೇಲೆ ಸಿಡಿಯಿತು. ಚರ್ಚಿಗೆ ಅಲ್ಲಿಂದ ಸುಮಾರು 500 ಮೀಟರ್. ಆಗಸ್ಟ್ 15ಕ್ಕೆ ಮರಿಯಮ್ಮನವರ ಹಬ್ಬ. ಅದರ ತಯಾರಿಗಾಗಿ ಒಳಗೆ ಗುರುಗಳು ಪಾಪನಿವೇದನೆ ಕೇಳುತ್ತಿದ್ದರು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500 ಜನ ಸತ್ತರು ಎಂದು ಲೆಕ್ಕ ಹಾಕಿದ್ದಾರೆ. ಆ ವಿಮಾನವನ್ನು ಓಡಿಸಿದ ಚಾರ್ಲ್ಸ್ ಸ್ವೀನಿ ಕೂಡ ಕಥೋಲಿಕ.

ಸತ್ತವರು ನಿಮ್ಮವರು ಅಂತ ನಿಮಗೆ ಈ ನೋವಾ ಎಂದು ನೀವು ಕೇಳಬಹುದು. ಕೇಳಲೇಬೇಕು. ಮೂರು ದಿನ ಮೊದಲು ಹಿರೋಶಿಮಾದಲ್ಲಿ ಸತ್ತವರ ಪ್ರಾಣ ದೇವರಿಗೆ ಒಂದು ಕೂದಲಷ್ಟೂ ಕಡಿಮೆ ಅಲ್ಲ. ನಾನು ಉರಕಾಮಿಯನ್ನೇ ಹಿಡಿದು ಮಾತಾಡುವುದು ಬೇರೆ ಕಾರಣಕ್ಕೆ. ಅಲ್ಲಿ ನನ್ನಂಥ ಕ್ರೈಸ್ತನಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಮೇಲಿದ್ದವನೂ ಕೆಳಗಿದ್ದವರೂ ಒಬ್ಬನೇ ದೇವರಿಗೆ ಅದೇ ಪ್ರಾರ್ಥನೆ ಹೇಳುತ್ತಿದ್ದರು. ಆ ದೇವರು ಯಾರ ಪಕ್ಷದಲ್ಲಿದ್ದ ಅಂತ ಹೇಳೋದು?

ಆ ವಿಮಾನಗಳು ಹೊರಟಿದ್ದು ಟಿನಿಯನ್ ಎಂಬ ದ್ವೀಪದಿಂದ. ಹಿರೋಶಿಮಾಕ್ಕೆ ಹೊರಡುವ ಮೊದಲು ಅಲ್ಲಿ ಒಬ್ಬ ಲೂಥರನ್ ಪಾದ್ರಿ ವಿಮಾನದವರಿಗಾಗಿ ಪ್ರಾರ್ಥನೆ ಮಾಡಿದರು. ಅಲ್ಲಿನ ಕಥೋಲಿಕ ಸೈನಿಕರಿಗೆ ಗುರುಗಳಾಗಿದ್ದವರು ಜಾರ್ಜ್ ಜಬೆಲ್ಕಾ. ಊರುಗಳ ಮೇಲೆ ಬಾಂಬ್ ಹಾಕಿ ಹೆಂಗಸರನ್ನು, ಮಕ್ಕಳನ್ನು ಕೊಲ್ಲುವುದು ಪಾಪ ಎಂದು ತಾನು ಆಗ ಒಂದು ಸಲವೂ ಹೇಳಲಿಲ್ಲ ಎಂದು ಅವರು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ಸಾಯುವವರೆಗೂ ಯುದ್ಧದ ವಿರುದ್ಧ ಮಾತಾಡಿದರು. ನನಗೆ ಪೈಲಟ್‌ಗಿಂತ ಜಾಸ್ತಿ ಕಾಡುವುದು ಈ ಗುರುಗಳೇ. ಪೈಲಟ್‌ಗೆ ಆಜ್ಞೆ ಇತ್ತು. ಇದು ತಪ್ಪು ಎಂದು ಹೇಳುವುದೇ ಗುರುಗಳ ಕೆಲಸವಾಗಿತ್ತು.

ಉರಕಾಮಿಯಲ್ಲೇ ಇದ್ದ ಡಾಕ್ಟರ್ ತಕಾಶಿ ನಾಗಾಯಿ ಬೇರೆ ರೀತಿ ಯೋಚಿಸಿದರು. ಅವರ ಹೆಂಡತಿ ಮನೆಯಲ್ಲೇ ಸುಟ್ಟುಹೋಗಿದ್ದರು. ಅವರ ಮೂಳೆಗಳ ಜೊತೆ ಕರಗಿದ ಜಪಸರ ಸಿಕ್ಕಿತು. ಆ ವರ್ಷ ನವೆಂಬರ್‌ನಲ್ಲಿ ಸತ್ತವರಿಗಾಗಿ ನಡೆದ ಬಲಿಪೂಜೆಯ ಸಮಯದಲ್ಲಿ ಅವರು ಮಾತಾಡಿದರು. ಯುದ್ಧ ನಿಲ್ಲಲು ದೇವರು ಉರಕಾಮಿಯನ್ನು ನಿಷ್ಕಳಂಕ ಕುರಿಮರಿಯಂತೆ ಬಲಿಗೆ ಆರಿಸಿಕೊಂಡ ಎಂಬ ಅರ್ಥದಲ್ಲಿ ಹೇಳಿದರು. ಎಲ್ಲ ಕಳೆದುಕೊಂಡು ನಿಂತವರಿಗೆ ಅದು ಸಮಾಧಾನ ಕೊಟ್ಟಿರಬಹುದು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಆ ಮಾತನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಆ ಬಾಂಬನ್ನು ಮಾಡಿದವರೂ ಮನುಷ್ಯರು, ಹಾಕಿ ಎಂದು ಹೇಳಿದವರೂ ಮನುಷ್ಯರು. ಅದನ್ನು ದೇವರ ಲೆಕ್ಕಕ್ಕೆ ಬರೆಯಬಾರದು.

ಹಾಗಾದರೆ ಕ್ರೈಸ್ತ ಸೈನ್ಯಕ್ಕೆ ಸೇರಲೇಬಾರದಾ? ಇಲ್ಲಿ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶ ಸುಲಭದ ಉತ್ತರ ಕೊಡುವುದಿಲ್ಲ. ಸೈನಿಕರು ಬಂದು ನಾವೇನು ಮಾಡಬೇಕು ಎಂದಾಗ ಯೇಸುವಿಗೆ ದಾರಿ ಸಿದ್ಧ ಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನ ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ರೋಮಿನ ಸೈನ್ಯದ ಒಬ್ಬ ಶತಾಧಿಪತಿಯ ನಂಬಿಕೆಯನ್ನು ಯೇಸು ಹೊಗಳಿದರು. ಅದೇ ಯೇಸು ತನ್ನನ್ನು ಉಳಿಸಲು ಕತ್ತಿ ಎತ್ತಿದ ಶಿಷ್ಯ ಪೇತ್ರನನ್ನು ತಡೆದರು. ಹಿಂದಿನ ಕಾಲದ ಧರ್ಮಪಂಡಿತರಾದ ಸಂತ ಅಗಸ್ಟೀನ್, ಆಮೇಲೆ ಥಾಮಸ್ ಅಕ್ವಿನಾಸ್, ಯಾವ ಯುದ್ಧ ನ್ಯಾಯವಾದದ್ದು ಎಂದು ಷರತ್ತು ಹಾಕಿದರು. ಬೇಸರದ ಸಂಗತಿ ಅಂದರೆ, ಆ ಷರತ್ತುಗಳು ರಾಜರ ಕೈ ಕಟ್ಟಿದ್ದು ಕಡಿಮೆ, ಅವರಿಗೆ ನೆಪವಾಗಿದ್ದೇ ಜಾಸ್ತಿ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. 1965ರಲ್ಲಿ ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ವ್ಯಾಟಿಕನ್ ಮಹಾಸಭೆ ಇಡೀ ಊರುಗಳನ್ನು ಜನರ ಸಮೇತ ನಾಶ ಮಾಡುವುದು ದೇವರ ವಿರುದ್ಧವೂ ಮನುಷ್ಯರ ವಿರುದ್ಧವೂ ಅಪರಾಧ ಎಂದು ಸಾರಿತು. ಉರಕಾಮಿಗೆ ಅದು 20 ವರ್ಷ ತಡವಾಗಿ ಬಂತು.

ಬೇಡ ಎಂದು ನಿಂತವರೂ ಇದ್ದಾರೆ. ಆಸ್ಟ್ರಿಯಾದ ರೈತ ಫ್ರಾನ್ಸ್ ಯೇಗರ್‌ಶ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಯುದ್ಧ ಮಾಡಲು ಒಪ್ಪಲಿಲ್ಲ. ಮನೆಯಲ್ಲಿ ಹೆಂಡತಿ, ಚಿಕ್ಕ ಚಿಕ್ಕ ಹೆಣ್ಣುಮಕ್ಕಳು. ಅವರ ಬಿಷಪರೂ ಮನಸ್ಸು ಬದಲಾಯಿಸಲು ಹೇಳಿದರು. ಕೇಳಲಿಲ್ಲ. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. 2007ರಲ್ಲಿ ಅದೇ ಕಥೋಲಿಕ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಸಂತ ಪದವಿಗೆ ಮೊದಲಿನ ಮೆಟ್ಟಿಲು ಅದು.

ನನ್ನ ಸೋದರಮಾವ ಸೈನ್ಯದಲ್ಲಿದ್ದವರು. ಗಡಿಯಲ್ಲಿ ಯಾರಾದರೂ ನಿಲ್ಲಲೇಬೇಕಲ್ಲಪ್ಪ ಅಂತಾರೆ. ಅದನ್ನು ನಾನು ಅಲ್ಲಗಳೆಯಲಾರೆ. ಮನೆಯವರನ್ನು ಕಾಯಲು ನಿಂತವನನ್ನು ಪಾಪಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಯುದ್ಧವನ್ನು ಪವಿತ್ರ ಎಂದು ಕರೆಯಲೂ ಬಾಯಿ ಬರುವುದಿಲ್ಲ.

ಇನ್ನು ಪ್ರಾರ್ಥನೆಯ ವಿಷಯ. ಗಡಿಯಲ್ಲಿ ಗುಂಡು ಹಾರುವಾಗ ನಮ್ಮ ಚರ್ಚಿನಲ್ಲಿ ಸೈನಿಕರಿಗಾಗಿ, ನಾಯಕರಿಗಾಗಿ, ಶಾಂತಿಗಾಗಿ ಪ್ರಾರ್ಥಿಸುತ್ತೇವೆ. ನಾನೂ ದನಿಗೂಡಿಸುತ್ತೇನೆ. ನಮ್ಮ ಹುಡುಗರು ಜೀವಂತ ಮನೆಗೆ ಬರಲಿ ಎಂದು ಮನಸಾರೆ ಕೇಳುತ್ತೇನೆ. ಆಮೇಲೆ ಆ ಕಡೆಯ ಹುಡುಗರೂ ಅವರ ಅಮ್ಮಂದಿರ ಬಳಿಗೆ ಹೋಗಲಿ ಎಂದು ಕೇಳುತ್ತೇನೆ. ಅವರನ್ನು ನಾಶ ಮಾಡು ಎಂದು ಮಾತ್ರ ಕೇಳುವುದಿಲ್ಲ. ವೈರಿಗಳಿಗಾಗಿ ಪ್ರಾರ್ಥಿಸಿರಿ ಎಂದು ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಯೇಸು ಹೇಳುವಾಗ ಯುದ್ಧದ ಸಮಯಕ್ಕೆ ವಿನಾಯಿತಿ ಕೊಟ್ಟಿಲ್ಲ. ಇದು ದೇಶದ್ರೋಹ ಎಂದು ಒಮ್ಮೆ ಪಕ್ಕದ ಬೆಂಚಿನವರು ಸಿಟ್ಟಾದರು. ಮಾವ ಸಿಟ್ಟಾಗಲಿಲ್ಲ. ಗಡಿಯಲ್ಲಿದ್ದಾಗ ತಾನೂ ಹಾಗೇ ಕೇಳಿಕೊಳ್ಳುತ್ತಿದ್ದೆ ಅಂದರು.