ಹೊಂಡದ ದಂಡೆಗೊಂದು ಹಗ್ಗ

ಪ್ರಿಯ ಮಾಸ್ತರರೇ,

ನಿಮ್ಮ ಶಾಲೆಯ ಎಂಟು ವರ್ಷದ ಹುಡುಗ ಕೃಷಿ ಹೊಂಡಕ್ಕೆ ಜಾರಿದ್ದು, ಜನ ಬೇಗನೆ ಮೇಲೆತ್ತಿದರೂ ಉಳಿಯದೆ ಹೋದದ್ದನ್ನು ಬರೆದಿದ್ದೀರಿ. ಒಬ್ಬರು ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸಿದರು, ಇನ್ನೊಬ್ಬರು ಹೊಟ್ಟೆ ಅದುಮಿದರು. ನೀರು ಬಂತು, ಉಸಿರು ಬರಲಿಲ್ಲ. ‘ಎಲ್ಲಿ ತಪ್ಪಿದೆವು? ಹೊಂಡಗಳನ್ನೇ ಮುಚ್ಚಿಸಬೇಕೇ?’ ಎಂದು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಕೃಷಿ ಹೊಂಡವನ್ನು ಹೊಗಳಿ ನಾವೂ ಲೇಖನಗಳನ್ನು ಹಾಕಿದ್ದೇವೆ. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಬಣ್ಣದ ಚಿತ್ರಗಳು ಬೇಕಾದಷ್ಟಿವೆ, ಒಂದರಲ್ಲೂ ಬೇಲಿ ಇಲ್ಲ.

ಹೊಟ್ಟೆ ಅದುಮಿದಾಗ ಬರುವುದು ಹೊಟ್ಟೆಯಲ್ಲಿದ್ದ ನೀರು. ಮಗುವನ್ನು ಕೊಲ್ಲುವುದು ಅದಲ್ಲ. ಮಿದುಳಿಗೆ ಆಮ್ಲಜನಕ ಸಿಗದಿರುವುದು. ಅದುಮಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಉಸಿರಾಟ ನಿಂತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಬೇಕು. ಎದೆ ಏಳುವುದು ಕಾಣಬೇಕು. ಆಮೇಲೂ ಚೇತರಿಕೆಯ ಲಕ್ಷಣವಿಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು. ಮತ್ತೆ 30, ಮತ್ತೆ ಎರಡು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ ಎದೆಯ ಮೂರನೆಯ ಒಂದು ಪಾಲು. ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಕರೆ ಮಾಡಿರಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮಗು ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು.

ಮುಳುಗಿ ಸತ್ತವರನ್ನು ಉಪ್ಪಿನಲ್ಲಿಟ್ಟರೆ ಜೀವ ಬರುತ್ತದೆಂಬ ಸುಳ್ಳು ಮಾತನ್ನೂ ಎತ್ತಿದ್ದೀರಿ. 2022ರಲ್ಲಿ ಬಳ್ಳಾರಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮೊಬೈಲಿನಲ್ಲಿ ಹರಿದಾಡಿದ ಸುದ್ದಿ ನಂಬಿ, ಮುಳುಗಿ ಸತ್ತ ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟು ಕಾದರು. ಆ ತಂದೆತಾಯಿಯರ ಮೇಲೆ ನನಗೆ ಸಿಟ್ಟಿಲ್ಲ. ಸುದ್ದಿ ಹರಡಿದವರ ಮೇಲಿದೆ.

ಈಜು ಬಲ್ಲವರೂ ಹೊಂಡದಲ್ಲಿ ಸಾಯುವುದೇಕೆ? ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಒಂದು ಕಲ್ಲೂ ಇಲ್ಲ. ತಮ್ಮನನ್ನು ಎತ್ತಲು ಹಾರಿದ ಅಣ್ಣನೂ ಮೇಲೆ ಬರುವುದಿಲ್ಲ. ಆದ್ದರಿಂದ ಮಕ್ಕಳಿಗೆ ಕಲಿಸಬೇಕಾದ್ದು ಹಾರುವುದನ್ನಲ್ಲ. ಕೂಗಿ ದೊಡ್ಡವರನ್ನು ಕರೆಯುವುದು, ದಂಡೆಯಿಂದಲೇ ಹಗ್ಗವನ್ನೋ ಬಿದಿರ ಗಳುವನ್ನೋ ಚಾಚುವುದು, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯುವುದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದೂ ಇಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತದೆ.

ಹೊಂಡ ಮುಚ್ಚುವ ಮಾತು ಬೇಡ. ಮಳೆ ಕೈಕೊಟ್ಟ ವರ್ಷ ಬೆಳೆ ಉಳಿಸುವುದು ಅದೇ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ತಂತಿ ಬೇಲಿಯೂ ಸೇರಿದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಹೇಳಿ. ಬೇಲಿ ಬರುವ ತನಕ, ದಂಡೆಯಲ್ಲಿ ಗಟ್ಟಿ ಗೂಟ ಹೂಳಿ, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಬದಿಯಿಂದ ನೀರಿಗೆ ಇಳಿಬಿಡಿ. ಖರ್ಚು ಅಲ್ಪ. ಕಟ್ಟಿದ ದಿನ ಒಂದು ಚಿತ್ರ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನು ಹಾಕುತ್ತೇವೆ.

— ಸಂಪಾದಕ