ಮಧ್ಯಯುಗದ ಭೂಪಟದ ಪ್ರತಿಗೆ ಅಷ್ಟು ಹಣ ಕೊಡಬಹುದೇ?

ಇಂಗ್ಲೆಂಡಿನ ಹೆರಿಫರ್ಡ್ ಊರಿನಲ್ಲಿರುವ ಮಧ್ಯಯುಗದ ವಿಶ್ವ ನಕ್ಷೆ, ಅಂದರೆ ಹೆರಿಫರ್ಡ್ ಭೂಪಟದ ಕೈಕೆಲಸದ ಮುದ್ರಣವೊಂದು ನಿಮ್ಮ ಕಣ್ಣಿಗೆ ಬಿದ್ದಿದೆ, ಬೆಲೆ ಜಾಸ್ತಿ, ಎಷ್ಟಾದರೂ ನಕಲಲ್ಲವೇ ಎಂದು ಕೇಳಿದ್ದೀರಿ. ಕೊಳ್ಳಿ. ಆದರೆ ಅದರಲ್ಲಿನ ಚಿಕ್ಕ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾತ್ರ.

ನಾನು ಮೊದಲು ತರಿಸಿದ್ದು ಕ್ಯಾಲೆಂಡರ್ ಅಳತೆಯ ಹಾಳೆ. ಹತ್ತಿರ ಹೋದರೆ ಬರೀ ಕಂದು ಕಲೆಗಳು. 1300ರ ಸುಮಾರಿಗೆ ಒಂದೇ ಕರುವಿನ ಚರ್ಮದ ಮೇಲೆ ಬರೆದ ಮೂಲ ನಕ್ಷೆ 1.59 ಮೀಟರ್ ಎತ್ತರ, 1.34 ಮೀಟರ್ ಅಗಲವಿದೆ. ಅದನ್ನು ಅಷ್ಟು ಕುಗ್ಗಿಸಿದರೆ ಇನ್ನೇನು ಉಳಿದೀತು?

ಆಮೇಲೆ ಹತ್ತಿ ಕಾಗದದ ದೊಡ್ಡ ಪ್ರತಿಯೊಂದನ್ನು ಕೊಂಡೆ. ಭೂತಗನ್ನಡಿ ಹಿಡಿದು ಕೂತರೆ ಸಂಜೆ ಹೋದದ್ದೇ ತಿಳಿಯುವುದಿಲ್ಲ. ಇದರಲ್ಲಿ ಪೂರ್ವ ದಿಕ್ಕು ಮೇಲಕ್ಕಿದೆ, ಮೇಲ್ತುದಿಯಲ್ಲಿ ಬೈಬಲಿನ ಸ್ವರ್ಗದ ತೋಟವಿದೆ, ಹಾಗಾಗಿ ನಮ್ಮ ದೇಶ ಅದರ ನೆರೆಯಲ್ಲಿದೆ. ಅಲ್ಲಿ ಬೆನ್ನ ಮೇಲೆ ಗೋಪುರ ಹೊತ್ತ ಆನೆಯಿದೆ, ತನ್ನ ಒಂದೇ ಪಾದವನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದ ಮನುಷ್ಯನಿದ್ದಾನೆ. ಕೆಂಪು ಸಮುದ್ರಕ್ಕೆ ನಿಜಕ್ಕೂ ಕೆಂಪನ್ನೇ ಬಳಿದಿದ್ದಾರೆ. ಯುರೋಪ್ ಮತ್ತು ಆಫ್ರಿಕಾದ ಹೆಸರುಗಳು ಚಿನ್ನದ ಅಕ್ಷರದಲ್ಲಿವೆ, ಆದರೆ ಅದಲುಬದಲಾಗಿವೆ! ನಟ್ಟನಡುವೆ ಜೆರುಸಲೇಮ್, ಅದರ ಮಧ್ಯದಲ್ಲಿ ಕೈವಾರದ ಮುಳ್ಳು ಚುಚ್ಚಿದ ತೂತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೆರಿಫರ್ಡ್ ಊರೇ ಬಹುತೇಕ ಮಾಸಿಹೋಗಿರುವುದು. "ಇದೋ, ನಾವಿರುವುದು ಇಲ್ಲಿ" ಎಂದು ತೋರಿಸಿದ ಬೆರಳುಗಳು ಅದನ್ನು ಸವೆಸಿವೆ.

ನಕಲು ಎಂದು ಕಡೆಗಣಿಸಬೇಡಿ. ಜರ್ಮನಿಯ ಎಬ್‌ಸ್ಟೋರ್ಫ್ ಭೂಪಟ ಇದಕ್ಕಿಂತ ಬಹಳ ದೊಡ್ಡದಿತ್ತು: 30 ಆಡಿನ ಚರ್ಮಗಳನ್ನು ಹೊಲಿದು ಮಾಡಿದ್ದು, ಸುಮಾರು 3.6 ಮೀಟರ್ ಅಗಲ. 1943ರಲ್ಲಿ ಹ್ಯಾನೋವರ್ ಮೇಲೆ ಬಾಂಬ್ ಬಿದ್ದಾಗ ಅದು ಸುಟ್ಟುಹೋಯಿತು. ಈಗ ಅದನ್ನು ನೋಡಬೇಕೆಂದರೆ, ಮೊದಲೇ ತೆಗೆದಿದ್ದ ಛಾಯಾಚಿತ್ರಗಳ ನೆರವಿನಿಂದ ಮಾಡಿದ ಪ್ರತಿಗಳೇ ಗತಿ.

ದುಡ್ಡು ಕೊಡುವ ಮುನ್ನ ಒಂದು ಮೂಲೆಯ ಚಿತ್ರವನ್ನು ನಿಜವಾದ ಅಳತೆಯಲ್ಲೇ ಕಳುಹಿಸಲು ಹೇಳಿ. ಬಣ್ಣದ ಬಗ್ಗೆಯೂ ಕೇಳಿ: ಹಸಿರಾಗಿದ್ದ ಕಡಲು ಮೂಲದಲ್ಲಿ ಈಗ ಕಂದಾಗಿದೆ, ಪ್ರತಿಯಲ್ಲಿ ಇಂದಿನ ಬಣ್ಣವಿದೆಯೇ, ಹಳೆಯ ಬಣ್ಣವನ್ನು ಊಹಿಸಿ ತುಂಬಿದ್ದಾರೆಯೇ? ಚೌಕಟ್ಟಿಗೆ ಆಮ್ಲರಹಿತ ರಟ್ಟನ್ನೇ ಹಾಕಿಸಿ, ಬಿಸಿಲು ಬೀಳದ ಗೋಡೆ ಆರಿಸಿ. ತೀರಾ ಎತ್ತರದಲ್ಲಿ ಮಾತ್ರ ತೂಗುಹಾಕಬೇಡಿ, ಮೇಲ್ತುದಿಯ ಆ ಆನೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು.